ಜೋಡಿಯಾಗಿ ಅಲ್ಟ್ರಾಲೈಟ್ ವಿಮಾನ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡ ಹೆಂಡತಿ ಇಬ್ಬರೂ ಪುಟ್ಟ ವಿಮಾನ ಹಾರಿಸಲು ಕಲಿಯಬೇಕು ಅಂದುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ನಾನು, ನನ್ನ ಗಂಡ ಹಾಗೆ ಕಲಿತವರೇ. ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧ ವಿಮಾನದ್ದು, ಉಳಿದರ್ಧ ಸಂಸಾರದ್ದು. ಎರಡನೆಯವೇ ಜಾಸ್ತಿ ಕಷ್ಟ. ಅವಕ್ಕೆ ಉತ್ತರವೂ ಉದ್ದ.

ಅಲ್ಟ್ರಾಲೈಟ್ ಅಂದರೆ ಯಾವ ವಿಮಾನ?

ಒಬ್ಬರು ಅಥವಾ ಇಬ್ಬರು ಕೂರುವ, ತುಂಬಾ ಹಗುರವಾದ, ನಿಧಾನವಾಗಿ ಹಾರಬಲ್ಲ ವಿಮಾನ. ಕೆಲವು ದೇಶಗಳಲ್ಲಿ ಇದನ್ನೇ ಮೈಕ್ರೋಲೈಟ್ ಎನ್ನುತ್ತಾರೆ. ಮುಖ್ಯವಾಗಿ ಮೂರು ಬಗೆ ಇವೆ.

ಫಿಕ್ಸೆಡ್ ವಿಂಗ್ ನೋಡಲು ಮಾಮೂಲಿ ವಿಮಾನದಂತೆಯೇ ಇರುತ್ತದೆ. ರೆಕ್ಕೆ, ಬಾಲ, ಕೈಗೆ ಸ್ಟಿಕ್, ಕಾಲಿಗೆ ಪೆಡಲ್. ಟ್ರೈಕ್‌ನಲ್ಲಿ ಮೇಲೊಂದು ಬಟ್ಟೆಯ ತ್ರಿಕೋನ ರೆಕ್ಕೆ, ಅದರ ಕೆಳಗೆ ತೂಗುವ ಮೂರು ಚಕ್ರದ ಗಾಡಿ, ಬೆನ್ನ ಹಿಂದೆ ಎಂಜಿನ್ ಮತ್ತು ಪ್ರೊಪೆಲ್ಲರ್. ಪವರ್ಡ್ ಪ್ಯಾರಾಚೂಟ್‌ನಲ್ಲಿ ರೆಕ್ಕೆಯ ಜಾಗದಲ್ಲಿ ಪ್ಯಾರಾಚೂಟ್ ಇರುತ್ತದೆ. ಮೂರರಲ್ಲಿ ಅದೇ ತೀರಾ ನಿಧಾನ, ಗಾಳಿ ಸ್ವಲ್ಪ ಜೋರಾದರೂ ಹಾರಲಾಗದು.

ಟ್ರೈಕ್‌ನ ಮೂಲದಲ್ಲೇ ಒಂದು ಜೋಡಿ ಇದೆ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಹೆಂಡತಿ ಗರ್ಟ್ರೂಡ್ ಮನೆಯಲ್ಲೇ ಪ್ರಯೋಗ ಮಾಡುತ್ತಾ ಗಟ್ಟಿ ಚೌಕಟ್ಟಿಲ್ಲದ ರೆಕ್ಕೆಯನ್ನು ರೂಪಿಸಿದರು. ಅಡುಗೆಮನೆಯ ಪರದೆ ಬಟ್ಟೆಯಿಂದ ಅದನ್ನು ಹೊಲಿದವರು ಗರ್ಟ್ರೂಡ್. 1948ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1951ರಲ್ಲಿ ಸಿಕ್ಕಿತು. ಎಂಜಿನ್ ಇಲ್ಲದೆ ತೇಲುವ ಇಂದಿನ ಹ್ಯಾಂಗ್ ಗ್ಲೈಡರ್, ಟ್ರೈಕ್ ಎರಡೂ ಆ ರೆಕ್ಕೆಯ ಸಂತಾನ.

ಎಲ್ಲಾ ದೇಶಗಳಲ್ಲೂ ಇಬ್ಬರು ಒಟ್ಟಿಗೆ ಕೂತು ಹಾರಬಹುದಾ?

ಇಲ್ಲ. ಇದನ್ನು ಮೊದಲು ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ 1982ರಿಂದ ಇರುವ ನಿಯಮದ ಪ್ರಕಾರ ಅಲ್ಟ್ರಾಲೈಟ್‌ಗೆ ಒಂದೇ ಸೀಟು. ಎಂಜಿನ್ ಇರುವಂಥದ್ದಾದರೆ ಖಾಲಿ ತೂಕ ಸುಮಾರು 115 ಕೆ.ಜಿ. ಒಳಗಿರಬೇಕು, ಇಂಧನ ಸುಮಾರು 19 ಲೀಟರ್ ಮೀರಬಾರದು. ಅದನ್ನು ಹಾರಿಸಲು ಲೈಸೆನ್ಸೇ ಬೇಡ. ಎರಡನೇ ಸೀಟು ಬಂದ ಕೂಡಲೇ ಲೈಸೆನ್ಸ್, ನೋಂದಣಿ ಎಲ್ಲಾ ಶುರುವಾಗುತ್ತದೆ. ಯುರೋಪಿನ ದಾರಿ ಬೇರೆ. ಅಲ್ಲಿ ಎರಡು ಸೀಟಿನವೇ ಸಾಮಾನ್ಯ. ಬಹುಕಾಲ 450 ಕೆ.ಜಿ. ಇದ್ದ ಒಟ್ಟು ತೂಕದ ಮಿತಿ ಈಗ ಹಲವು ದೇಶಗಳಲ್ಲಿ 600 ಕೆ.ಜಿ. ಆಗಿದೆ. ನೀವಿರುವಲ್ಲಿ ಏನು ನಿಯಮ ಅನ್ನುವುದನ್ನು ಅಲ್ಲಿನ ವಿಮಾನಯಾನ ಇಲಾಖೆಯಿಂದಲೇ ತಿಳಿದುಕೊಳ್ಳಿ. ಪರಿಚಯದವರ ಮಾತು ನಂಬಿ ಸುಮ್ನೆ ದುಡ್ಡು ಕಟ್ಟಬೇಡಿ.

ಯಾವ ಬಗೆ ಆರಿಸಿಕೊಳ್ಳಬೇಕು? ಅವರಿಗೆ ಟ್ರೈಕ್ ಇಷ್ಟ, ನನಗೆ ಫಿಕ್ಸೆಡ್ ವಿಂಗ್.

ಬೇರೆ ಬೇರೆ ಬಗೆ ಕಲಿಯುವ ಯೋಚನೆ ಬಿಡಿ ಅಂತಲೇ ನನ್ನ ಸಲಹೆ. ಕಾರಣ ಇದೆ. ಎರಡರ ನಿಯಂತ್ರಣವೂ ತಿರುವುಮುರುವು.

ಫಿಕ್ಸೆಡ್ ವಿಂಗ್‌ನಲ್ಲಿ ಸ್ಟಿಕ್ ಮುಂದೆ ತಳ್ಳಿದರೆ ಮೂತಿ ಕೆಳಗಾಗಿ ವೇಗ ಏರುತ್ತದೆ. ಟ್ರೈಕ್‌ನಲ್ಲಿ ಬಾರ್, ಅಂದರೆ ರೆಕ್ಕೆಗೆ ಜೋಡಿಸಿದ ಅಡ್ಡ ಹಿಡಿಕೆ, ಮುಂದೆ ತಳ್ಳಿದರೆ ಮೂತಿ ಮೇಲೆದ್ದು ವೇಗ ಇಳಿಯುತ್ತದೆ. ಫಿಕ್ಸೆಡ್ ವಿಂಗ್‌ನಲ್ಲಿ ಬಲಕ್ಕೆ ತಿರುಗಲು ಸ್ಟಿಕ್ ಬಲಕ್ಕೆ. ಟ್ರೈಕ್‌ನಲ್ಲಿ ಬಲಕ್ಕೆ ತಿರುಗಲು ಬಾರ್ ಎಡಕ್ಕೆ. ನೆಲದ ಮೇಲೆ ಓಡಿಸುವಾಗ ಕಾಲಿನ ಕೆಲಸವೂ ಉಲ್ಟಾ. ಸಾವಕಾಶವಾಗಿ ಯೋಚಿಸಿ ಮಾಡಿದರೆ ಯಾರು ಬೇಕಾದರೂ ಎರಡನ್ನೂ ಕಲಿಯಬಹುದು, ಎರಡನ್ನೂ ಹಾರಿಸುವವರು ಇದ್ದಾರೆ ಕೂಡ. ಆದರೆ ನೆಲದಿಂದ ಹತ್ತಡಿ ಎತ್ತರದಲ್ಲಿ ಗಾಳಿ ಎತ್ತಿ ಹಾಕಿದಾಗ ಕೈ ಯೋಚಿಸುವುದಿಲ್ಲ, ರೂಢಿಯಾದದ್ದನ್ನು ಮಾಡುತ್ತದೆ. ಗಾಬರಿಯಲ್ಲಿ ಸಂಗಾತಿಯ ವಿಮಾನದ ಬಾರ್‌ಗೆ ಕೈ ಹಾಕಿದ ಫಿಕ್ಸೆಡ್ ವಿಂಗ್ ಪೈಲಟ್ ಮಾಡುವುದೆಲ್ಲಾ ತಪ್ಪೇ ಆಗುತ್ತದೆ.

ಆರಿಸುವ ಮುಂಚೆ ಇಬ್ಬರೂ ಎರಡರಲ್ಲೂ ಒಂದೊಂದು ಪರಿಚಯದ ಹಾರಾಟ ಮಾಡಿ. ಟ್ರೈಕ್‌ನಲ್ಲಿ ಮುಖಕ್ಕೆ ನೇರ ಗಾಳಿ, ಕಾಲ ಕೆಳಗೆ ಏನೂ ಇಲ್ಲ. ಕೆಲವರಿಗೆ ಅದೇ ಸುಖ, ಕೆಲವರಿಗೆ ಅದೇ ನಡುಕ. ಕೂರುವ ರೀತಿಯೂ ಮುಖ್ಯ. ಫಿಕ್ಸೆಡ್ ವಿಂಗ್‌ನಲ್ಲಿ ಹೆಚ್ಚಾಗಿ ಅಕ್ಕಪಕ್ಕ ಕೂರುತ್ತೀರಿ, ಟ್ರೈಕ್‌ನಲ್ಲಿ ಒಬ್ಬರ ಹಿಂದೆ ಒಬ್ಬರು. ಹಿಂದೆ ಕೂತವರಿಗೆ ಮುಂದಿನವರ ಹೆಲ್ಮೆಟ್ಟೇ ಅರ್ಧ ನೋಟ. ಮುಖ ನೋಡಿ ಮಾತಾಡುವ ಅಭ್ಯಾಸದ ಜೋಡಿಗೆ ಇದು ಸಣ್ಣ ವಿಷಯವಲ್ಲ.

ನಾವಿಬ್ಬರೂ ಸ್ವಲ್ಪ ದಪ್ಪ. ತೊಂದರೆ ಆಗುತ್ತದಾ?

ಆಗಬಹುದು. ಲೆಕ್ಕ ಹಾಕಿ ನೋಡೋಣ. ವಿಮಾನದ ಗರಿಷ್ಠ ತೂಕ 450 ಕೆ.ಜಿ., ಖಾಲಿ ತೂಕ 280 ಕೆ.ಜಿ. ಅಂತಿಟ್ಟುಕೊಳ್ಳಿ. ಉಳಿದದ್ದು 170 ಕೆ.ಜಿ. ಇದರಲ್ಲಿ ನೀವಿಬ್ಬರು, ಸಾಮಾನು, ಪೆಟ್ರೋಲು ಎಲ್ಲಾ ಬರಬೇಕು.

70 ಮತ್ತು 60 ಕೆ.ಜಿ.ಯ ಜೋಡಿಯಾದರೆ 40 ಕೆ.ಜಿ. ಮಿಗುತ್ತದೆ. ಚೀಲ, ನಕ್ಷೆ, ನೀರಿಗೆ 5 ಕೆ.ಜಿ. ಕಳೆಯಿರಿ. 35 ಕೆ.ಜಿ. ಪೆಟ್ರೋಲು ಅಂದರೆ ಹೆಚ್ಚುಕಮ್ಮಿ 48 ಲೀಟರ್. ಗಂಟೆಗೆ 15 ಲೀಟರ್ ಕುಡಿಯುವ ಎಂಜಿನ್‌ಗೆ ಮೂರು ಗಂಟೆಯ ಹಾರಾಟ. ಅರ್ಧ ಗಂಟೆಯದನ್ನು ಮುಟ್ಟದೆ ಮೀಸಲಿಟ್ಟರೆ ಕೈಗೆ ಸಿಗುವುದು ಎರಡೂವರೆ ಗಂಟೆ. ಚೆನ್ನಾಗಿಯೇ ಆಯಿತು.

ಈಗ ಇಬ್ಬರೂ 85 ಕೆ.ಜಿ. ಅಂತಿಟ್ಟುಕೊಳ್ಳಿ. 170 ಅಲ್ಲಿಗೇ ಮುಗಿಯಿತು. ಒಂದು ಹನಿ ಪೆಟ್ರೋಲಿಗೂ ಜಾಗವಿಲ್ಲ. ಸೀಟು ಎರಡಿವೆ ಅಂದಮಾತ್ರಕ್ಕೆ ಇಬ್ಬರು ಹಾರಬಹುದು ಅಂತೇನಿಲ್ಲ ಅನ್ನುವುದು ಇದಕ್ಕೇ. ಒಟ್ಟು ತೂಕದ ಜೊತೆಗೆ ಒಂದೊಂದು ಸೀಟಿಗೂ ಬೇರೆ ಮಿತಿ ಇರುತ್ತದೆ, ಅದನ್ನೂ ನೋಡಿ.

ತೂಕ ನೋಡುವಾಗ ಹಾರುವ ಬಟ್ಟೆ, ಬೂಟು, ಹೆಲ್ಮೆಟ್ ಹಾಕಿಕೊಂಡೇ ತಕ್ಕಡಿ ಹತ್ತಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಸಂಗಾತಿಯ ನಿಜವಾದ ತೂಕ ಗೊತ್ತಾಗುವುದು ಇಲ್ಲೇ. ನಗಬೇಡಿ, ಬರೆದುಕೊಳ್ಳಿ.

ಇಬ್ಬರೂ ಒಟ್ಟಿಗೇ ತರಗತಿಗೆ ಹೋಗಬಹುದಾ?

ನೆಲದ ಮೇಲಿನ ಪಾಠಗಳಿಗೆ ಖಂಡಿತ. ಹವಾಮಾನ, ವಾಯುನಿಯಮ, ನಕ್ಷೆ ಓದುವುದು, ಎಂಜಿನ್ ಪರಿಚಯ ಇವನ್ನೆಲ್ಲಾ ಜೊತೆಯಲ್ಲಿ ಕಲಿತರೆ ಲಾಭವೇ. ಒಬ್ಬರು ಇನ್ನೊಬ್ಬರಿಗೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬಹುದು.

ಗಾಳಿಯಲ್ಲಿ ಆಗುವುದಿಲ್ಲ. ಎರಡು ಸೀಟಿನಲ್ಲಿ ಒಂದು ಇನ್‌ಸ್ಟ್ರಕ್ಟರ್‌ಗೆ, ಇನ್ನೊಂದು ಕಲಿಯುವವರಿಗೆ. ಹಾಗಾಗಿ ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಕೆಳಗೆ. ಕೆಳಗಿದ್ದವರು ಬೇಲಿಯ ಪಕ್ಕ ನಿಂತು ಪ್ರತಿ ಲ್ಯಾಂಡಿಂಗಿಗೂ ಅಂಕ ಕೊಡುತ್ತಾ ಇರಬೇಡಿ. ಪಾಠ ಮುಗಿಸಿ ಬಂದವರಿಗೆ ಇನ್‌ಸ್ಟ್ರಕ್ಟರ್ ಹೇಳುವ ಟೀಕೆಯೇ ಸಾಕಷ್ಟಿರುತ್ತದೆ. ಅದರ ಮೇಲೆ ಮನೆಯವರದ್ದೂ ಸೇರಿದರೆ ತಲೆ ಕೆಡುತ್ತದೆ. "ಕೇಳಿದರೆ ಹೇಳ್ತೀನಿ, ಕೇಳದಿದ್ದರೆ ಇಲ್ಲ" ಅಂತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಒಬ್ಬರೇ ಇನ್‌ಸ್ಟ್ರಕ್ಟರ್ ಬಳಿ ಇಬ್ಬರೂ ಕಲಿಯುವುದು ಅನುಕೂಲ. ಪದಗಳು, ಕ್ರಮ, ಚೆಕ್‌ಲಿಸ್ಟ್ ಎಲ್ಲಾ ಒಂದೇ ಆಗಿರುತ್ತವೆ. ಮುಂದೆ ಒಟ್ಟಿಗೆ ಹಾರುವಾಗ ಅದರ ಬೆಲೆ ಗೊತ್ತಾಗುತ್ತದೆ.

ನನ್ನ ಗಂಡನಿಗೆ ಆಗಲೇ ಲೈಸೆನ್ಸ್ ಇದೆ. ಅವರೇ ಕಲಿಸಿದರೆ ಆಗದಾ?

ಅವರಿಗೆ ಇನ್‌ಸ್ಟ್ರಕ್ಟರ್ ಅರ್ಹತೆ ಇಲ್ಲದಿದ್ದರೆ ಅದು ಪಾಠದ ಲೆಕ್ಕಕ್ಕೇ ಬರುವುದಿಲ್ಲ. ಅರ್ಹತೆ ಇದ್ದರೂ ಬೇಡ ಅನ್ನುತ್ತೇನೆ. ಕಾರು ಕಲಿಸುವಾಗ ಗಂಡ ಹೆಂಡತಿ ನಡುವೆ ಏನೇನು ನಡೆಯುತ್ತದೆ ಅಂತ ಗೊತ್ತಿರುವವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಇಲ್ಲಿ ರಸ್ತೆ ಪಕ್ಕ ನಿಲ್ಲಿಸಿ ಇಳಿದು ಹೋಗುವಂತೆಯೂ ಇಲ್ಲ.

ಇನ್ನೊಂದು ಅಪಾಯ ಮೆಲ್ಲಗೆ ಬರುವಂಥದ್ದು. ಒಳ್ಳೆಯ ಇನ್‌ಸ್ಟ್ರಕ್ಟರ್ ನಿಮ್ಮನ್ನು ತಪ್ಪು ಮಾಡಲು ಬಿಡುತ್ತಾರೆ, ಎಲ್ಲಿಯವರೆಗೆ ಬಿಡಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಪ್ರೀತಿಯವರು ಬಿಡುವುದಿಲ್ಲ, ಮೊದಲೇ ಕೈ ಹಾಕುತ್ತಾರೆ. ಆಗ ಕಲಿಯುವವರಿಗೆ ತಪ್ಪನ್ನು ತಾವೇ ಸರಿಪಡಿಸುವ ಅವಕಾಶವೇ ಸಿಗುವುದಿಲ್ಲ.

ಎಷ್ಟು ಗಂಟೆಯ ತರಬೇತಿ ಬೇಕು?

ದೇಶಕ್ಕೊಂದು ಲೆಕ್ಕ. ಬ್ರಿಟನ್ನಿನ ಮೈಕ್ರೋಲೈಟ್ ಲೈಸೆನ್ಸ್‌ಗೆ ಕನಿಷ್ಠ 25 ಗಂಟೆ, ಅದರಲ್ಲಿ 10 ಗಂಟೆ ಒಬ್ಬರೇ ಹಾರಿರಬೇಕು. ಅಮೆರಿಕದ ಸ್ಪೋರ್ಟ್ ಪೈಲಟ್ ಲೈಸೆನ್ಸ್‌ನಲ್ಲಿ ಫಿಕ್ಸೆಡ್ ವಿಂಗ್‌ಗೂ ಟ್ರೈಕ್‌ಗೂ ಕನಿಷ್ಠ 20 ಗಂಟೆ: 15 ಇನ್‌ಸ್ಟ್ರಕ್ಟರ್ ಜೊತೆ, 5 ಒಬ್ಬರೇ. ಇವೆಲ್ಲಾ ಕನಿಷ್ಠ. ಹೆಚ್ಚಿನವರಿಗೆ ಇದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಪಾಠಗಳ ನಡುವೆ ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಪ್ರತಿ ಸಲವೂ ಹಿಂದಿನ ಪಾಠಕ್ಕೇ ದುಡ್ಡು ಕೊಟ್ಟಂತಾಗುತ್ತದೆ. ಇಬ್ಬರ ಖರ್ಚೂ ಒಂದೇ ಜೇಬಿನಿಂದ ಬರುವುದರಿಂದ ಇದನ್ನು ಮೊದಲೇ ಯೋಚಿಸಿ. ಇಬ್ಬರೂ ಅಪರೂಪಕ್ಕೊಮ್ಮೆ ಹಾರುವುದಕ್ಕಿಂತ, ಒಬ್ಬರು ಬಿಡದೆ ಕಲಿತು ಮುಗಿಸಿ ಆಮೇಲೆ ಇನ್ನೊಬ್ಬರು ಶುರು ಮಾಡುವುದು ಎಷ್ಟೋ ಸಲ ಅಗ್ಗ.

ಏನೇನು ಕಲಿಸುತ್ತಾರೆ?

ನೇರವಾಗಿ, ಸಮ ಎತ್ತರದಲ್ಲಿ ಹಾರುವುದು. ಏರುವುದು, ಇಳಿಯುವುದು, ತಿರುಗುವುದು. ಸ್ಟಾಲ್, ಅಂದರೆ ರೆಕ್ಕೆ ಗಾಳಿಗೆ ಒಡ್ಡಿದ ಕೋನ ಜಾಸ್ತಿಯಾಗಿ ಎತ್ತುವ ಶಕ್ತಿ ಕುಸಿಯುವುದು, ಅದರಿಂದ ಹೊರಬರುವುದು. ಆಮೇಲೆ ರನ್‌ವೇ ಸುತ್ತ ಸರ್ಕ್ಯೂಟ್: ಟೇಕಾಫ್, ಒಂದು ಸುತ್ತು, ಲ್ಯಾಂಡಿಂಗ್, ಮತ್ತೆ ಟೇಕಾಫ್. ಬೇಜಾರು ಬರುವಷ್ಟು ಸಲ. ಎಂಜಿನ್ ನಿಂತಂತೆ ಅಭ್ಯಾಸ. ನಂತರ ಸೋಲೋ (ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಹಾರುವುದು), ದೂರದ ಹಾರಾಟ, ಪರೀಕ್ಷೆ.

ನನಗಿಂತ ಅವಳು ಬೇಗ ಕಲಿಯುತ್ತಿದ್ದಾಳೆ. ಮುಜುಗರ ಆಗುತ್ತಿದೆ.

ಬಹಳ ಜೋಡಿಗಳಲ್ಲಿ ಆಗುವಂಥದ್ದೇ. ಇಬ್ಬರು ಒಂದೇ ದಿನ ಸೋಲೋ ಹೋಗುವುದು ಅಪರೂಪ. ಲ್ಯಾಂಡಿಂಗ್ ಕೆಲವರಿಗೆ ಥಟ್ಟನೆ ಹಿಡಿಸುತ್ತದೆ, ಕೆಲವರಿಗೆ ವಾರಗಟ್ಟಲೆ ಹಿಡಿಸುವುದೇ ಇಲ್ಲ, ಆಮೇಲೆ ಒಂದು ಬೆಳಗ್ಗೆ ತಾನಾಗಿಯೇ ಬರುತ್ತದೆ. ನೆಲ ಹತ್ತಿರ ಬಂದಾಗ ಕಣ್ಣನ್ನು ಎಲ್ಲಿ ನೆಡಬೇಕು ಅನ್ನುವುದೇ ಹೆಚ್ಚಿನವರ ತೊಡಕು. ಚಕ್ರದ ಮುಂದಿನ ನೆಲ ನೋಡುತ್ತಾರೆ, ರನ್‌ವೇಯ ದೂರದ ತುದಿ ನೋಡಬೇಕು. ಇನ್‌ಸ್ಟ್ರಕ್ಟರನ್ನು ಇದೊಂದನ್ನು ಕೇಳಿ ನೋಡಿ.

ಯಾರು ಮುಂದಿದ್ದಾರೋ ಅವರು ಹಿಂದಿದ್ದವರಿಗಾಗಿ ಕಾಯಬೇಕಾಗಿಲ್ಲ. ಹಿಂದಿದ್ದವರನ್ನು ಅವಸರಿಸುವುದಂತೂ ಬೇಡವೇ ಬೇಡ. "ನಾನು ಸೋಲೋ ಆಯ್ತು, ನಿಂದು ಯಾವಾಗ?" ಅನ್ನುವ ತಮಾಷೆ, ಸಿದ್ಧವಿಲ್ಲದವರನ್ನು ಒಂಟಿಯಾಗಿ ಮೇಲೆ ಕಳಿಸಬಹುದು.

ಮೊದಲ ಸೋಲೋ ಹಾರಾಟದಲ್ಲಿ ವಿಮಾನ ಬೇರೆ ಥರ ಅನಿಸುತ್ತದಂತೆ, ನಿಜವಾ?

ನಿಜ. ಇನ್‌ಸ್ಟ್ರಕ್ಟರ್ ಇಳಿದರೆ ಒಂದು ಆಳಿನ ತೂಕ ಇಳಿದಂತೆ. ಇಷ್ಟು ಹಗುರ ವಿಮಾನದಲ್ಲಿ ಅದು ದೊಡ್ಡ ವ್ಯತ್ಯಾಸ. ಬೇಗ ನೆಲ ಬಿಡುತ್ತದೆ, ಚುರುಕಾಗಿ ಏರುತ್ತದೆ, ಇಳಿಯುವಾಗ ತೇಲುತ್ತಲೇ ಇರುತ್ತದೆ. ಇದರ ಉಲ್ಟಾ ಕೂಡ ನೆನಪಿಡಿ. ಗಂಟೆಗಟ್ಟಲೆ ಒಬ್ಬರೇ ಹಾರಿ ಅಭ್ಯಾಸವಾದ ಮೇಲೆ ಸಂಗಾತಿಯನ್ನು ಕೂರಿಸಿಕೊಂಡ ಮೊದಲ ದಿನ ಅದೇ ವಿಮಾನ ಓಡುತ್ತಲೇ ಇರುತ್ತದೆ, ಏರಲು ಮನಸ್ಸೇ ಮಾಡುವುದಿಲ್ಲ. ಬಿಸಿಲು ಜೋರಾಗಿದ್ದರೆ, ಹುಲ್ಲು ಉದ್ದವಿದ್ದರೆ ಇನ್ನೂ ಕಷ್ಟ. ಬಿಸಿ ಗಾಳಿ ತೆಳ್ಳಗಿರುತ್ತದೆ. ರೆಕ್ಕೆಗೂ ಪ್ರೊಪೆಲ್ಲರ್‌ಗೂ ಎಂಜಿನ್‌ಗೂ ಅದರಿಂದ ಸಿಗುವುದು ಕಡಿಮೆ. ಆ ಮೊದಲ ಜೋಡಿ ಹಾರಾಟಕ್ಕೆ ಉದ್ದನೆಯ ರನ್‌ವೇ, ತಂಪಾದ ಬೆಳಗ್ಗೆ ಆರಿಸಿಕೊಳ್ಳಿ.

ನನಗೆ ಲೈಸೆನ್ಸ್ ಬೇಡ. ಆದರೆ ಅವರಿಗೆ ಮೇಲೆ ಏನಾದರೂ ಆದರೆ ಅಂತ ಭಯ.

ಈ ಭಯಕ್ಕೆ ಮದ್ದಿದೆ. ಪಕ್ಕದಲ್ಲಿ ಕೂರುವವರಿಗಾಗಿಯೇ ಚಿಕ್ಕ ತರಬೇತಿ ಕೊಡುವ ಇನ್‌ಸ್ಟ್ರಕ್ಟರ್‌ಗಳಿದ್ದಾರೆ. ವಿಮಾನವನ್ನು ಸಮವಾಗಿ ಹಿಡಿಯುವುದು, ರೇಡಿಯೋದಲ್ಲಿ ಸಹಾಯ ಕೇಳುವುದು, ಬಯಲು ಹುಡುಕುವುದು, ವೇಗ ಕಾಪಾಡಿಕೊಂಡು ಇಳಿಸುವುದು. ಅಂದವಾಗಿ ಇಳಿಸಬೇಕಿಲ್ಲ, ಜೀವ ಉಳಿಯುವಂತೆ ಇಳಿಸಿದರೆ ಸಾಕು. ಟ್ರೈಕ್ ಆದರೆ ಹಿಂದಿನ ಸೀಟಿನಿಂದ ಬಾರ್ ಕೈಗೆ ಎಟುಕುತ್ತದಾ, ಎಂಜಿನ್ ವೇಗ ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಇದೆಯಾ ಅನ್ನುವುದನ್ನು ನೆಲದ ಮೇಲೇ ಕೂತು ನೋಡಿ. ಕೆಲವದರಲ್ಲಿ ತರಬೇತಿಯ ಹಿಡಿಕೆ ಜೋಡಿಸದಿದ್ದರೆ ಹಿಂದಿನವರು ಏನೂ ಮಾಡಲಾಗದು.

ಈ ತರಬೇತಿಗೆ ಒಲ್ಲದ ಮನಸ್ಸಿಂದ ಬಂದವರು ಕೊನೆಗೆ ಪೂರ್ತಿ ಲೈಸೆನ್ಸನ್ನೇ ತೆಗೆದುಕೊಳ್ಳುವುದೂ ಉಂಟು. ಆದರೆ ಆ ಆಸೆ ಇಟ್ಟುಕೊಂಡು ತಳ್ಳಬೇಡಿ. ಬೇಡ ಅಂದವರಿಗೆ ಬೇಡ.

ಇಬ್ಬರೂ ಪೈಲಟ್ ಆದ ಮೇಲೆ ಒಟ್ಟಿಗೆ ಹಾರಿದರೆ ಪೈಲಟ್ ಯಾರು?

ಇಡೀ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಒಬ್ಬರೇ. ಯಾರು ಅನ್ನುವುದು ವಿಮಾನದ ಹತ್ತಿರ ಹೋಗುವ ಮುಂಚೆಯೇ ತೀರ್ಮಾನವಾಗಿರಬೇಕು. ಅದನ್ನು ಬಾಯಿಬಿಟ್ಟು ಹೇಳಿರಬೇಕು. "ಇವತ್ತು ನಾನು ಪೈಲಟ್" ಅಂತ. ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಅಂತ ಹಂಚಿಕೊಳ್ಳಬಹುದು, ನಡುವೆ ಇಳಿದು ಬದಲಾಯಿಸಿಕೊಳ್ಳಿ.

ಇಬ್ಬರು ನಿಪುಣರಿದ್ದರೆ ಅಪಾಯ ಅರ್ಧವಾಗುತ್ತದೆ ಅಂತ ನಂಬಿದವರಿಗೆ ನಾನು ಏಮಿ ಜಾನ್ಸನ್ ಮತ್ತು ಜಿಮ್ ಮಾಲಿಸನ್ ಕಥೆ ಹೇಳುತ್ತೇನೆ. ಏಮಿ 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಿದ ಮೊದಲ ಮಹಿಳೆ. ಜಿಮ್ 1932ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ಒಬ್ಬರೇ ದಾಟಿದವರು. ಅದೇ ವರ್ಷ ಇಬ್ಬರ ಮದುವೆ. 1933ರ ಜುಲೈನಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ವೇಲ್ಸ್‌ನಿಂದ ನ್ಯೂಯಾರ್ಕಿಗೆ ಹೊರಟರು. ಸಾಗರವನ್ನೇನೋ ದಾಟಿದರು. ನ್ಯೂಯಾರ್ಕ್ ಇನ್ನು ಸ್ವಲ್ಪವೇ ದೂರ ಇರುವಾಗ ಇಂಧನ ಮುಗಿಯುತ್ತಾ ಬಂತು. ರಾತ್ರಿ ಬ್ರಿಜ್‌ಪೋರ್ಟ್‌ನಲ್ಲಿ ಇಳಿಯಲು ಹೋಗಿ ಅಪಘಾತವಾಯಿತು, ಇಬ್ಬರೂ ಗಾಯಗೊಂಡರು. ದಾಖಲೆ ವೀರರು ಇಬ್ಬರಿದ್ದರೂ ಟ್ಯಾಂಕಿನಲ್ಲಿ ಇಂಧನ ಜಾಸ್ತಿಯಾಗಲಿಲ್ಲ.

ಅಮೆರಿಕದ ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್ ಮತ್ತು ಅವರ ಹೆಂಡತಿ ಆನ್ ಅವರ ರೀತಿ ನನಗೆ ಹಿಡಿಸುತ್ತದೆ. ಆನ್‌ಗೆ ತಮ್ಮದೇ ಲೈಸೆನ್ಸ್ ಇತ್ತು. ಆದರೂ 1931ರಲ್ಲಿ ಉತ್ತರದ ದಾರಿಯಲ್ಲಿ ಜಪಾನ್, ಚೀನಾ ಕಡೆ ಹಾರಿದಾಗ ರೇಡಿಯೋ ಆನ್ ಅವರ ಕೆಲಸವಾಗಿತ್ತು. ಇಂಥ ಕೆಲಸ ಇಂಥವರದ್ದು ಅಂತ ಇದ್ದಾಗ ತಕರಾರಿಗೆ ಜಾಗ ಕಡಿಮೆ.

ನಿಯಂತ್ರಣ ಕೈ ಬದಲಿಸುವಾಗ ಮೂರು ಮಾತು ಕಡ್ಡಾಯ. ಕೊಡುವವರು "ಕಂಟ್ರೋಲ್ ನಿನ್ನದು" ಅನ್ನಬೇಕು. ತೆಗೆದುಕೊಳ್ಳುವವರು "ಕಂಟ್ರೋಲ್ ನನ್ನದು" ಅನ್ನಬೇಕು. ಕೊಟ್ಟವರು ಮತ್ತೊಮ್ಮೆ "ಹೌದು, ನಿನ್ನದು" ಅಂದು ಕೈ ತೆಗೆಯಬೇಕು. ಮನೆಯಲ್ಲಿ ಕಣ್ಸನ್ನೆಯಲ್ಲೇ ಎಲ್ಲಾ ಅರ್ಥವಾಗುವ ಜೋಡಿಗಳೇ ಇಲ್ಲಿ ಎಡವುವುದು. ಅವರು ಹಿಡಿದಿದ್ದಾರೆ ಅಂತ ಇವರು, ಇವರು ಹಿಡಿದಿದ್ದಾರೆ ಅಂತ ಅವರು. ವಿಮಾನ ಯಾರ ಕೈಯಲ್ಲೂ ಇಲ್ಲ.

ಮೇಲಿರುವಾಗ ಪೈಲಟ್ ಮಾತೇ ಕೊನೆಯದು, ಒಂದನ್ನು ಬಿಟ್ಟು. "ವಾಪಸ್ ಹೋಗೋಣ" ಅಂತ ಇಬ್ಬರಲ್ಲಿ ಯಾರು ಅಂದರೂ ವಾಪಸ್. ನೆಲದ ಮೇಲೆ "ಇವತ್ತು ಬೇಡ" ಅಂತ ಯಾರು ಅಂದರೂ ಬೇಡ. ಕಾರಣ ಕೇಳಬಾರದು, ಸಂಜೆ ಅದನ್ನು ಎತ್ತಿ ಆಡಬಾರದು. ಕಾರಣ ಕೊಡಬೇಕಾದ ಮನೆಯಲ್ಲಿ ಜನ ಬೇಡ ಅನ್ನುವುದನ್ನೇ ನಿಲ್ಲಿಸುತ್ತಾರೆ. ನಮ್ಮಿಬ್ಬರ ನಡುವೆ ಇರುವ ನಿಯಮಗಳಲ್ಲಿ ಒಂದು ದಿನವೂ ಮುರಿಯದೆ ಉಳಿದಿರುವುದು ಇದೊಂದೇ.

ಜಗಳವಾಡಿದ ದಿನ ಹಾರಬಹುದಾ?

ಬೇಡ. ಹಾರುವ ಮುಂಚೆ ಪೈಲಟ್ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪಟ್ಟಿಯಲ್ಲಿ ಕಾಯಿಲೆ, ಔಷಧಿ, ಒತ್ತಡ, ಮದ್ಯ, ದಣಿವು ಇವುಗಳ ಸಾಲಿನಲ್ಲೇ ಮನಸ್ಸಿನ ಸ್ಥಿತಿಯೂ ಇದೆ. ಒಬ್ಬರೇ ಹಾರುವವರು ಜಗಳವನ್ನು ಮನೆಯಲ್ಲಿ ಬಿಟ್ಟು ಬರಬಹುದು. ನೀವು ಅದನ್ನು ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ಹೊರಟಿರುತ್ತೀರಿ.

ನೆಗಡಿಗೆ ನುಂಗುವ ಕೆಲವು ಮಾತ್ರೆಗಳು ನಿದ್ದೆ ತರಿಸುತ್ತವೆ. ಅದನ್ನೂ ಪರಸ್ಪರ ಕೇಳಿ. ಸಂಗಾತಿ ಹೇಗಿದ್ದಾರೆ ಅಂತ ಮುಖ ನೋಡಿಯೇ ಹೇಳಬಲ್ಲವರು ನೀವು. ಜೋಡಿಯಾಗಿ ಹಾರುವುದರ ದೊಡ್ಡ ಲಾಭ ಅದೇ.

ಎಂಜಿನ್ ನಿಂತರೆ ಬಿದ್ದೇ ಹೋಗುತ್ತದಾ?

ಇಲ್ಲ. ಗ್ಲೈಡರ್ ಆಗುತ್ತದೆ. ಅಷ್ಟೇನೂ ಒಳ್ಳೆಯ ಗ್ಲೈಡರ್ ಅಲ್ಲ, ಆದರೂ ಆಗುತ್ತದೆ. ಪ್ರತಿ ಮೀಟರ್ ಇಳಿಯುವಾಗ 8 ಮೀಟರ್ ಮುಂದೆ ಹೋಗುವ ವಿಮಾನ, ಗಾಳಿ ಇಲ್ಲದಾಗ 300 ಮೀಟರ್ ಎತ್ತರದಿಂದ 2.4 ಕಿ.ಮೀ. ತೇಲಬಲ್ಲದು. ಟ್ರೈಕ್ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆದ್ದರಿಂದ ಇಳಿಯಬಹುದಾದ ಒಂದು ಬಯಲು ಸದಾ ಕಣ್ಣಳತೆಯಲ್ಲಿರಬೇಕು. ಜೋಡಿಗೆ ಇದು ಒಳ್ಳೆಯ ಆಟವೂ ಹೌದು. ಪಕ್ಕದಲ್ಲಿ ಕೂತವರು ಆಗಾಗ "ಈಗ ನಿಂತರೆ ಎಲ್ಲಿ?" ಅಂತ ಕೇಳಲಿ. ಪೈಲಟ್ ಬೆರಳು ತೋರಿಸಬೇಕು.

ಟೇಕಾಫ್ ಆದ ಕೂಡಲೇ ನಿಂತರೆ ನೇರ ಮುಂದೆಯೇ ಇಳಿಯಿರಿ. ರನ್‌ವೇಗೆ ಹಿಂದಿರುಗುವ ಆಸೆಯಲ್ಲಿ ಕಡಿಮೆ ಎತ್ತರದಲ್ಲಿ ತಿರುಗಿ, ವೇಗ ಕಳೆದುಕೊಂಡು ಸ್ಟಾಲ್ ಆದವರು ಬಹಳ.

ಎರಡು ಸ್ಟ್ರೋಕ್ ಎಂಜಿನ್‌ಗಳಿಗೆ ಪೆಟ್ರೋಲಿನಲ್ಲಿ ಎಣ್ಣೆ ಸರಿಯಾದ ಪ್ರಮಾಣದಲ್ಲಿ ಸೇರಿರಬೇಕು, ಸಾಮಾನ್ಯವಾಗಿ 50ಕ್ಕೆ 1. "ನೀನು ಹಾಕಿರ್ತೀಯ ಅಂದುಕೊಂಡೆ" ಅನ್ನುವ ಮಾತು ಇಲ್ಲಿ ಬರಕೂಡದು. ಒಬ್ಬರು ಬೆರೆಸಿ ಕ್ಯಾನಿನ ಮೇಲೆ ಬರೆಯಲಿ, ಇನ್ನೊಬ್ಬರು ಓದಲಿ.

ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರುತ್ತದಂತೆ?

ಹಲವು ಅಲ್ಟ್ರಾಲೈಟ್‌ಗಳಲ್ಲಿ ಇರುತ್ತದೆ. ಸಣ್ಣ ರಾಕೆಟ್ ಒಂದು ಪ್ಯಾರಾಚೂಟನ್ನು ಹೊರಗೆಳೆಯುತ್ತದೆ, ಜನರ ಸಮೇತ ಇಡೀ ವಿಮಾನ ತೂಗುತ್ತಾ ಇಳಿಯುತ್ತದೆ. ಕೆಲವು ದೇಶಗಳಲ್ಲಿ ಕಡ್ಡಾಯ. ನನ್ನ ಮಟ್ಟಿಗೆ ಜೋಡಿ ಹಾರಾಟದಲ್ಲಿ ಇದು ಇರಲೇಬೇಕು. ಹಿಡಿಕೆ ಎಲ್ಲಿದೆ, ಎಳೆಯುವ ಮುಂಚೆ ಎಂಜಿನ್ ಹೇಗೆ ನಿಲ್ಲಿಸಬೇಕು, ಎಷ್ಟು ಬಲ ಬೇಕು ಅನ್ನುವುದು ಪೈಲಟ್ ಅಲ್ಲದವರಿಗೂ ಬಾಯಿಪಾಠ ಆಗಿರಲಿ. ನೆಲದ ಮೇಲಿರುವಾಗ ಹಾಕಿರುವ ಸೇಫ್ಟಿ ಪಿನ್ನನ್ನು ಹಾರುವ ಮುಂಚೆ ತೆಗೆಯಬೇಕು, ಇಳಿದ ಮೇಲೆ ಮತ್ತೆ ಹಾಕಬೇಕು. ತೆಗೆಯದೆ ಹಾರಿದರೆ ಪ್ಯಾರಾಚೂಟ್ ಇದ್ದೂ ಇಲ್ಲದಂತೆ.

ದಿನದ ಯಾವ ಹೊತ್ತು ಒಳ್ಳೆಯದು?

ಬೆಳಗಿನ ಮೊದಲ ಎರಡು ಮೂರು ಗಂಟೆ, ಸೂರ್ಯ ಮುಳುಗುವ ಮುಂಚಿನ ಹೊತ್ತು. ನಡು ಹಗಲಲ್ಲಿ ನೆಲ ಕಾದು ಬಿಸಿ ಗಾಳಿ ಮೇಲೇಳುತ್ತದೆ, ಹಗುರ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಸಂಗಾತಿಯನ್ನು ಮೊದಲ ಸಲ ಕರೆದೊಯ್ಯುವವರು ಇದನ್ನು ಮರೆಯಬೇಡಿ. ಮಧ್ಯಾಹ್ನ ಕರೆದೊಯ್ದು ವಾಂತಿ ಮಾಡಿಸಿದರೆ ಎರಡನೇ ಸಲ ಯಾರೂ ಬರುವುದಿಲ್ಲ.

ಏನು ಹಾಕಿಕೊಳ್ಳಬೇಕು? ಫೋಟೋ ತೆಗೆಯಬಹುದಾ?

ನೆಲದ ಮೇಲೆ ಎಷ್ಟು ಬೆಚ್ಚಗಿದ್ದರೂ ಮೇಲೆ ಚಳಿ. ಪ್ರತಿ 1000 ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತೆರೆದ ಟ್ರೈಕ್‌ನಲ್ಲಿ ಬೀಸುವ ಗಾಳಿ ಸೇರಿದರೆ ಬೆರಳು ಮರಗಟ್ಟುತ್ತವೆ. ಪದರ ಪದರವಾಗಿ ಬಟ್ಟೆ, ಕೈಗವಸು, ಹೆಲ್ಮೆಟ್.

ಫೋಟೋ ವಿಷಯದಲ್ಲಿ ನಾನು ಕಟ್ಟುನಿಟ್ಟು. ಟ್ರೈಕ್‌ನಲ್ಲಿ ಪ್ರೊಪೆಲ್ಲರ್ ನಿಮ್ಮ ಬೆನ್ನ ಹಿಂದೆಯೇ ತಿರುಗುತ್ತಿರುತ್ತದೆ. ಕೈಯಿಂದ ಜಾರಿದ ಫೋನ್, ಹಾರಿದ ಸ್ಕಾರ್ಫ್, ಕಳಚಿದ ಕೈಗವಸು ನೇರವಾಗಿ ಅದಕ್ಕೇ ಹೋಗುತ್ತದೆ. ಪ್ರೊಪೆಲ್ಲರ್ ಚೂರಾದರೆ ರೆಕ್ಕೆಗೂ ಪೆಟ್ಟು. ದಾರ ಕಟ್ಟದ ಯಾವ ವಸ್ತುವೂ ಕೈಯಲ್ಲಿರಬಾರದು, ಜೇಬಿಗೆ ಜಿಪ್ ಇರಬೇಕು, ಉದ್ದ ಕೂದಲು ಹೆಲ್ಮೆಟ್ ಒಳಗೆ ಅಥವಾ ಜಾಕೆಟ್ ಒಳಗೆ. ಪೈಲಟ್ ಆದವರು ಹಾರುತ್ತಾ ಫೋಟೋ ತೆಗೆಯುವುದು ಬೇಡ.

ಇಳಿದ ಮೇಲೆ ಪ್ರೊಪೆಲ್ಲರ್ ಪೂರ್ತಿ ನಿಲ್ಲುವವರೆಗೂ ಸೀಟು ಬಿಟ್ಟು ಏಳಬೇಡಿ. ಗೆಳೆಯರನ್ನು ನೋಡಿ ಖುಷಿಯಲ್ಲಿ ಇಳಿದು ಓಡುವವರೇ ಅಪಾಯಕ್ಕೆ ಸಿಲುಕುವುದು.

ಸ್ವಂತ ವಿಮಾನ ಯಾವಾಗ ಕೊಳ್ಳಬೇಕು?

ಇಬ್ಬರ ಲೈಸೆನ್ಸೂ ಕೈಗೆ ಬಂದ ಮೇಲೆ. ಕಲಿಯುವಾಗಲೇ ಕೊಂಡವರು, ಒಬ್ಬರು ಅರ್ಧಕ್ಕೆ ಬಿಟ್ಟಾಗ ದೊಡ್ಡ ವಿಮಾನ ಇಟ್ಟುಕೊಂಡು ಪೇಚಾಡುತ್ತಾರೆ. ಹಳೆಯದನ್ನು ಕೊಳ್ಳುವಾಗ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಮಾತ್ರ ಕೇಳಿದರೆ ಸಾಲದು. ರೆಕ್ಕೆಯ ಬಟ್ಟೆ ಎಷ್ಟು ದಿನ ಬಿಸಿಲಿನಲ್ಲಿತ್ತು ಅನ್ನುವುದೂ ಅಷ್ಟೇ ಮುಖ್ಯ. ಬಿಸಿಲಿಗೆ ಆ ಬಟ್ಟೆ, ಹೊಲಿಗೆ ಎರಡೂ ಶಕ್ತಿ ಕಳೆದುಕೊಳ್ಳುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಎಳೆದು ಪರೀಕ್ಷಿಸುವ ಬೆಟ್ಸೋಮೀಟರ್ ಅನ್ನುವ ಸಲಕರಣೆ ಇದೆ. ಆ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ.

ಟ್ರೈಕ್‌ನ ರೆಕ್ಕೆಯನ್ನು ಮಡಚಿ ಬಿಚ್ಚಬಹುದು, ಇಬ್ಬರಿದ್ದರೆ ಆ ಕೆಲಸ ಸಲೀಸು. ಜೋಡಿಸಿದ ಮೇಲೆ ಜೋಡಿಸಿದವರೇ ಪರೀಕ್ಷಿಸಬಾರದು. ಇನ್ನೊಬ್ಬರು ಪ್ರತಿ ಬೋಲ್ಟು, ಪಿನ್ನು ಮುಟ್ಟಿ ನೋಡಲಿ. ಆಗ ಯಾರಾದರೂ ಮಾತಿಗೆ ಬಂದು ನಡುವೆ ತಡೆದರೆ ಮೊದಲಿಂದ ಶುರು ಮಾಡಿ.

ಎರಡು ಸೀಟಿನದು ಒಂದೋ, ಒಂದು ಸೀಟಿನವು ಎರಡೋ?

ಮನಸ್ಸಿಗೆ ಬಿಟ್ಟದ್ದು. ಎರಡು ವಿಮಾನವಾದರೆ ಇಬ್ಬರೂ ಪೈಲಟ್, ಯಾರ ಮಾತು ಕೊನೆಯದು ಅನ್ನುವ ಪ್ರಶ್ನೆಯೇ ಇಲ್ಲ. ಆದರೆ ನಿಲ್ಲಿಸುವ ಜಾಗ, ಇನ್ಶೂರೆನ್ಸ್, ರಿಪೇರಿ ಎಲ್ಲಾ ಎರಡೆರಡು. ಜೊತೆಯಾಗಿ ಹಾರುವಾಗ ಹತ್ತಿರ ಹೋಗಿ ಕೈಬೀಸುವ ಹುಚ್ಚು ಬೇಡ, ಒತ್ತೊತ್ತಾಗಿ ಹಾರುವುದು ಬೇರೆಯೇ ವಿದ್ಯೆ. ಸಾಕಷ್ಟು ದೂರವಿಟ್ಟು, ಒಬ್ಬರಿಗೊಬ್ಬರು ಕಾಣುವಂತೆ ಹಾರಿ. ಕಣ್ಣಿಗೆ ಕಾಣದಾದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಮಕ್ಕಳು ಚಿಕ್ಕವರು. ಇಬ್ಬರೂ ಒಂದೇ ವಿಮಾನದಲ್ಲಿ ಹೋಗುವುದು ಸರಿಯಾ?

ಇದಕ್ಕೆ ಬೇರೆಯವರು ಉತ್ತರ ಹೇಳಲಾಗದು. ಮಕ್ಕಳು ದೊಡ್ಡವರಾಗುವವರೆಗೆ ಸರದಿಯಲ್ಲಿ ಹಾರುವ ಜೋಡಿಗಳಿವೆ. ಕಾರಿನಲ್ಲಿ ಒಟ್ಟಿಗೆ ಹೋಗುವುದಿಲ್ಲವಾ ಅಂತ ವಾದಿಸಿ ಹಾರುವವರೂ ಇದ್ದಾರೆ. ಆ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಪುಟ್ಟ ವಿಮಾನದ ಅಪಾಯ ಕಾರಿಗಿಂತ ಜಾಸ್ತಿ ಅಂತ ಒಪ್ಪಿಕೊಂಡೇ ತೀರ್ಮಾನಕ್ಕೆ ಬನ್ನಿ. ಏನೇ ಆದರೂ ಉಯಿಲು, ಇನ್ಶೂರೆನ್ಸ್, ಮಕ್ಕಳನ್ನು ನೋಡಿಕೊಳ್ಳುವವರು ಯಾರು ಅನ್ನುವುದು ಕಾಗದದ ಮೇಲಿರಲಿ. ವಿಮಾ ಪಾಲಿಸಿಯಲ್ಲಿ ಇಂಥ ಹಾರಾಟವನ್ನು ಹೊರಗಿಟ್ಟಿದ್ದಾರಾ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇಟ್ಟಿರುತ್ತಾರೆ.

ವಯಸ್ಸಾಗಿದೆ, ಕನ್ನಡಕ ಬೇರೆ.

ಕನ್ನಡಕ ತೊಂದರೆಯಲ್ಲ, ಇನ್ನೊಂದು ಜೊತೆ ಇಟ್ಟುಕೊಂಡಿರಿ. ನಿವೃತ್ತಿಯಾದ ಮೇಲೆ ಕಲಿತ ಜೋಡಿಗಳು ಬೇಕಾದಷ್ಟಿವೆ. ಆರೋಗ್ಯ ತಪಾಸಣೆಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ದುಡ್ಡು ಕಟ್ಟುವ ಮುಂಚೆ ಅದನ್ನು ಮುಗಿಸಿಕೊಳ್ಳಿ.

ಇಬ್ಬರೂ ಹಾರಿದ ಗಂಟೆಯನ್ನು ಇಬ್ಬರ ಲಾಗ್‌ಬುಕ್‌ಗೂ ಬರೆಯಬಹುದಾ?

ಸಾಮಾನ್ಯವಾಗಿ ಇಲ್ಲ. ಆ ಹಾರಾಟದ ಪೈಲಟ್ ಯಾರೋ ಅವರ ಪುಸ್ತಕಕ್ಕೆ ಮಾತ್ರ. ಇಲ್ಲೇ ಒಂದು ಸಿಕ್ಕು ಇದೆ. ಬ್ರಿಟನ್, ಅಮೆರಿಕ ಎರಡೂ ಕಡೆ ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ತಾವೇ ಮಾಡಿರಬೇಕು. ಪ್ರತಿ ಸಲವೂ ಒಬ್ಬರೇ ಹಾರಿಸಿ ಇನ್ನೊಬ್ಬರು ನೋಟ ಸವಿಯುತ್ತಾ ಕೂತರೆ, ಮೂರು ತಿಂಗಳ ಮೇಲೆ ಎರಡನೆಯವರು ಸಂಗಾತಿಯನ್ನು ಕರೆದೊಯ್ಯುವಂತೆಯೇ ಇಲ್ಲ. ಆಗ ಅವರು ಒಬ್ಬರೇ ಹೋಗಿ ಮೂರು ಸುತ್ತು ಹಾರಿ ಬರಲಿ, ಅಥವಾ ಇನ್‌ಸ್ಟ್ರಕ್ಟರನ್ನು ಕರೆದುಕೊಳ್ಳಲಿ. ಬಹಳ ದಿನವಾಗಿದ್ದರೆ ನಾನು ಇನ್‌ಸ್ಟ್ರಕ್ಟರ್ ಅನ್ನುತ್ತೇನೆ.